ಹಂಪಿ ವಾಸಿ: ಕೆಚ್ವಾ ನಾಡಿನಲ್ಲಿ ಏಳು ದಿನ

ಮೊದಲ ದಿನ, ಮಂಗಳವಾರ

ವಿಮಾನದಿಂದ ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಏದುಸಿರು ಬಂತು. ಪೆರು ದೇಶದ ಕುಸ್ಕೊ ನಗರ ಇರುವುದು ಸಮುದ್ರಮಟ್ಟದಿಂದ 3,400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು, ಅಲ್ಲಿಂದ ಇನ್ನೂ ಒಂದೂವರೆ ಸಾವಿರ ಮೀಟರ್ ಮೇಲೆ ಹತ್ತಿದರೆ ಎಷ್ಟೋ ಅಷ್ಟು. ವಸತಿಗೃಹದ ಹೆಂಗಸು ನನ್ನ ಮುಖ ನೋಡಿದವಳೇ ಏನನ್ನೂ ಕೇಳದೆ ಕೋಕಾ ಎಲೆ ಹಾಕಿದ ಬಿಸಿನೀರು ತಂದುಕೊಟ್ಟಳು. ಕುಡಿದು ಎರಡು ತಾಸು ಮಲಗಿದ ಮೇಲೆ ತಲೆಭಾರ ಇಳಿಯಿತು.

ಮೂವತ್ತೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಹುಟ್ಟಿದ್ದು ಗದಗ-ಬೆಟಗೇರಿಯಲ್ಲಿ. ಬಾಸೆಲ್ ಮಿಷನ್ ಅಲ್ಲಿ ಕಟ್ಟಿದ ಆಸ್ಪತ್ರೆಯನ್ನು ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ನನ್ನ ತಾಯಿಯ ಹೆರಿಗೆಯಾದದ್ದು ಅಲ್ಲಿ. ನನಗೆ ಬಿಳಿ ಸಮವಸ್ತ್ರದ ಆಸೆ ಹುಟ್ಟಿದ್ದೂ ಅಲ್ಲಿಯೇ. ಹಿಂದೆ ನನ್ನೊಡನೆ ಕೆಲಸ ಮಾಡಿದ ಜರ್ಮನ್ ನರ್ಸ್ ಒಬ್ಬರು ಈಗ ಪೆರು ದೇಶದ ಗುಡ್ಡಗಾಡಿನ ಆಸ್ಪತ್ರೆಯೊಂದರಲ್ಲಿದ್ದಾರೆ. "ಒಮ್ಮೆ ಬಂದು ನೋಡಿ ಹೋಗಿ ಅಕ್ಕ, ನಿಮಗೆ ಬೆಟಗೇರಿ ನೆನಪಾಗುತ್ತದೆ" ಎಂದು ನಾಲ್ಕು ವರ್ಷದಿಂದ ಬರೆಯುತ್ತಿದ್ದರು. ಆ ಕರೆಗೆ ಓಗೊಟ್ಟು ಇಷ್ಟು ದೂರ ಬಂದೆ.

ಸಂಜೆ ಕೊರಿಕಾಂಚಕ್ಕೆ ಹೋದೆ. ಇಂಕಾ ಅರಸರ ಸೂರ್ಯನ ಗುಡಿ ಅದು. ಸ್ಪೇನ್‌ನವರು ಅದನ್ನು ಕೆಡವಿ, ಉಳಿದ ಗೋಡೆಗಳ ಮೇಲೆಯೇ ಸಾಂತೊ ದೊಮಿಂಗೊ ಎಂಬ ದೊಮಿನಿಕನ್ ಸನ್ಯಾಸಿಗಳ ಮಠವನ್ನೂ ಚರ್ಚನ್ನೂ ಕಟ್ಟಿದರು. 1650ರಲ್ಲಿ, ಮತ್ತೆ 1950ರಲ್ಲಿ ಭೂಕಂಪವಾದಾಗ ಮೇಲಿನ ಕಟ್ಟಡ ಬಿರುಕುಬಿಟ್ಟು ಕುಸಿಯಿತು. ಕೆಳಗಿನ ಇಂಕಾ ಗೋಡೆ ಅಲುಗಲಿಲ್ಲ. ಗಾರೆಯಿಲ್ಲದೆ ಕೂಡಿಸಿದ ಕಲ್ಲುಗಳ ಸಂದಿಗೆ ಉಗುರು ತಾಗಿಸಿ ನೋಡಿದೆ, ಹೋಗಲಿಲ್ಲ. ಅಲ್ಲಿ ನಿಂತಾಗ ಕ್ರೈಸ್ತಳಾದ ನನ್ನ ಮನಸ್ಸು ಹಗುರವಾಗಿರಲಿಲ್ಲ. ನಾನು ಎದೆಗೊತ್ತಿಕೊಂಡಿರುವ ಶಿಲುಬೆ ಈ ಜನರ ಕಣ್ಣಿಗೆ ಮೊದಲು ಬಿದ್ದದ್ದು ಕತ್ತಿಯ ಪಕ್ಕದಲ್ಲಿ. 1533ರಲ್ಲಿ ಅವರ ಅರಸ ಅತಾವಾಲ್ಪನ ಕತ್ತು ಹಿಸುಕಿ ಕೊಲ್ಲುವ ಮುಂಚೆ ಅವನಿಗೆ ದೀಕ್ಷಾಸ್ನಾನ ಮಾಡಿಸಿದ್ದರು. ಇದನ್ನು ಮರೆತು ಮುಂದಿನ ಆರು ದಿನಗಳನ್ನು ಬರೆದರೆ ಅದು ಅರ್ಧ ಮಾತಾಗುತ್ತದೆ.

ಆದರೆ ಅದೇ ದೊಮಿನಿಕನ್ ಸಂಘಕ್ಕೆ ಸೇರಿದ ಒಬ್ಬ ಸನ್ಯಾಸಿ, ದೊಮಿಂಗೊ ದೆ ಸಾಂತೊ ತೊಮಾಸ್, ಈ ಜನರ ನಡುವೆ ಕುಳಿತು ಅವರ ಮಾತನ್ನು ಕಲಿತ. 1560ರಲ್ಲಿ ಕೆಚ್ವಾ ಭಾಷೆಯ ಮೊತ್ತಮೊದಲ ವ್ಯಾಕರಣವನ್ನೂ ನಿಘಂಟನ್ನೂ ಅಚ್ಚು ಹಾಕಿಸಿದ. ಕಿಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದಕ್ಕಿಂತ 334 ವರ್ಷ ಮೊದಲಿನ ಮಾತಿದು. ಇಂಕಾ ಗೋಡೆಯ ಮುಂದೆ ನಿಂತು ನಾನು ಕಿಟೆಲ್ ಅವರನ್ನು ನೆನೆದೆ.

ಎರಡನೆಯ ದಿನ, ಬುಧವಾರ

ಕುಸ್ಕೊದಿಂದ ಅಬಾಂಕಾಯ್ ಕಡೆಗೆ ಹೋಗುವ ಬಸ್ಸು. ಮೊದಲು ಅಂತಾ ಬಯಲಿನ ಆಲೂಗಡ್ಡೆ ಹೊಲಗಳು. ನಮ್ಮ ಅಡುಗೆಮನೆಯ ಆಲೂಗಡ್ಡೆಯ ತವರು ಇದೇ ಬೆಟ್ಟಸಾಲು. ಆಮೇಲೆ ಲಿಮಾತಾಂಬೊ ದಾಟಿ ರಸ್ತೆ ಹಾವಿನಂತೆ ಸುತ್ತುತ್ತ ಕೆಳಗಿಳಿಯತೊಡಗಿತು. ಇಳಿದಂತೆ ಸೆಕೆ. ಕುನ್ಯಾಕ್ ಎಂಬಲ್ಲಿ ಸೇತುವೆ, ಕೆಳಗೆ ಅಪುರಿಮಾಕ್ ನದಿ. ಅಪು ಎಂದರೆ ಒಡೆಯ, ರಿಮಾಕ್ ಎಂದರೆ ಮಾತಾಡುವವನು. ಮಾತಾಡುವ ಒಡೆಯ! ಡ್ರೈವರ್ ಕಿಟಕಿ ತೆರೆದಾಗ ಆ ಕಮರಿಯಿಂದ ಬಂದ ಸದ್ದು ಕೇಳಿದ ಮೇಲೆ ಹೆಸರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಇಂಕಾ ಕಾಲದ ಹೆದ್ದಾರಿ ಇದೇ ಕಮರಿಯನ್ನು ಹುಲ್ಲು-ನಾರಿನ ಹಗ್ಗದ ಸೇತುವೆಯ ಮೇಲೆ ದಾಟುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಜನ ಅದರ ಮೇಲೆ ನಡೆದು ಹೋಗುತ್ತಿದ್ದರು.

ನದಿ ದಾಟಿದರೆ ಅಪುರಿಮಾಕ್ ಪ್ರಾಂತ್ಯ. ಮತ್ತೆ ಏರು. ಕುರಾವಾಸಿ ತಲುಪುವ ಮುಂಚೆಯೇ ಸೋಂಪಿನ ವಾಸನೆ ಬಂತು. ಈ ಊರು ಸೋಂಪಿಗೆ ಹೆಸರುವಾಸಿ. ಅಂಗಳಗಳಲ್ಲಿ ಒಣಹಾಕಿದ್ದರು, ಒಬ್ಬ ಅಜ್ಜ ಕಾಳನ್ನು ಗಾಳಿಗೆ ತೂರುತ್ತಿದ್ದ. ಸುಮಾರು 2,650 ಮೀಟರ್ ಎತ್ತರ, ಕುಸ್ಕೊಗಿಂತ ಉಸಿರಾಟ ಎಷ್ಟೋ ಸುಲಭ.

ಜರ್ಮನ್ ಗೆಳತಿ ನಿಲ್ದಾಣಕ್ಕೆ ಬಂದಿದ್ದರು. ಹದಿನೈದು ವರ್ಷದ ಮೇಲೆ ನೋಡಿದ್ದು. "ಚೆನ್ನಾಗಿದ್ದೀರಾ ಅಕ್ಕ?" ಎಂದು ಕನ್ನಡದಲ್ಲಿಯೇ ಕೇಳಿದಾಗ ನನ್ನ ಗಂಟಲು ಕಟ್ಟಿತು.

ರಾತ್ರಿ ಸೂಪು ಕುಡಿಯುತ್ತ ಅವರು ನನಗೆ ಮೊದಲ ಪಾಠ ಹೇಳಿಕೊಟ್ಟರು. "ಕೆಚ್ವಾದಲ್ಲಿ ವಾಸಿ ಎಂದರೆ ಮನೆ. ವಾಸಿಪಿ ಎಂದರೆ ಮನೆಯಲ್ಲಿ, ವಾಸಿಮನ್ ಎಂದರೆ ಮನೆಗೆ, ವಾಸಿಮಂತ ಎಂದರೆ ಮನೆಯಿಂದ. ನಿಮಗೆ ಕಷ್ಟವೇ ಇಲ್ಲ, ನಿಮ್ಮ ಹಾಗೆಯೇ ಬಾಲ ಹಚ್ಚಿದರಾಯಿತು." ವಿಭಕ್ತಿ ಪ್ರತ್ಯಯವನ್ನು ಅವರು ಬಾಲ ಎನ್ನುತ್ತಿದ್ದರು. "ಇನ್ನು ಔಷಧಿಗೆ ಏನನ್ನುತ್ತಾರೆ ಗೊತ್ತೇ? ಹಂಪಿ. ಆಸ್ಪತ್ರೆಗೆ ಹಂಪಿ ವಾಸಿ."

ನಾನು ಚಮಚವನ್ನು ಕೆಳಗಿಟ್ಟೆ. ಗದಗಿನಲ್ಲಿ ಬೆಳೆದವಳಿಗೆ ಹಂಪಿ ಎಂದರೆ ಬಾಲ್ಯದ ಶಾಲಾ ಪ್ರವಾಸ, ತುಂಗಭದ್ರೆ, ಬಂಡೆಗಳು. ವಾಸಿ ಎಂದರೆ ಕಾಯಿಲೆ ಗುಣವಾಗುವುದು. ಎರಡು ಭಾಷೆಗಳಿಗೂ ಯಾವ ನಂಟೂ ಇಲ್ಲ, ಸದ್ದು ಹೊಂದಿದ್ದು ಆಕಸ್ಮಿಕ ಎಂದು ನನಗೂ ಗೊತ್ತು. ಆದರೂ ಆ ರಾತ್ರಿ ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ನಿದ್ದೆ ಹೋದೆ.

ಮೂರನೆಯ ದಿನ, ಗುರುವಾರ

ಬೆಳಗ್ಗೆ ಆರು ಗಂಟೆಗೆ, ಇನ್ನೂ ಮಬ್ಬುಗತ್ತಲೆ. ಆಸ್ಪತ್ರೆಯ ಗೇಟಿನ ಮುಂದೆ ಆಗಲೇ ಉದ್ದ ಸಾಲು. ಕೆಲವರು ರಾತ್ರಿಯೇ ಬಂದು ಕಂಬಳಿ ಹೊದ್ದು ಕುಳಿತಿದ್ದರು. ಹೆಂಗಸರ ಬೆನ್ನಿಗೆ ಲ್ಯಿಕ್ಲ್ಯಾ ಎಂಬ ಬಣ್ಣಬಣ್ಣದ ನೇಯ್ಗೆಯ ಬಟ್ಟೆ, ಅದರೊಳಗೆ ಕೂಸು. ಗಂಡಸರ ಕಾಲಲ್ಲಿ ಟೈರಿನ ಚಪ್ಪಲಿ. ಹಳೆಯ ಲಾರಿ ಟೈರು ಕತ್ತರಿಸಿ ಮಾಡಿದ್ದು. ನಮ್ಮ ಕಡೆಯ ಕೂಲಿಯಾಳುಗಳು ಮೆಟ್ಟುತ್ತಿದ್ದ ಅದೇ ಚಪ್ಪಲಿ, ಅದೇ ಒಡೆದ ಹಿಮ್ಮಡಿ.

ಆಸ್ಪತ್ರೆಯ ಹೆಸರು ದಿಯೋಸ್ಪಿ ಸುಯಾನ. ದಿಯೋಸ್ ಸ್ಪ್ಯಾನಿಷ್ ಪದ, ದೇವರು. ಪಿ ಎಂಬುದು ನಮ್ಮ 'ಅಲ್ಲಿ'. ಸುಯಾಯ್ ಎಂದರೆ ಕಾಯುವುದು, ನಂಬಿ ಕಾಯುವುದು. ದೇವರಲ್ಲಿ ಭರವಸೆ ಇಡುತ್ತೇವೆ ಎಂಬ ಅರ್ಥ. ಕ್ಲೌಸ್-ಡೀಟರ್ ಯೋನ್ ಮತ್ತು ಮಾರ್ಟಿನಾ ಯೋನ್ ಎಂಬ ಜರ್ಮನ್ ವೈದ್ಯ ದಂಪತಿ ಇದನ್ನು ಕಟ್ಟಿದವರು. ಆತ ಶಸ್ತ್ರವೈದ್ಯರು, ಆಕೆ ಮಕ್ಕಳ ವೈದ್ಯೆ. 2002ರಲ್ಲಿ ಜರ್ಮನಿಯಲ್ಲಿ ಕೆಲವು ಸ್ನೇಹಿತರೊಂದಿಗೆ ಸಂಘ ಸ್ಥಾಪಿಸಿದಾಗ ಅವರ ಕೈಯಲ್ಲಿ ಹಣವಿರಲಿಲ್ಲ. ಊರೂರು ತಿರುಗಿ, ಚರ್ಚು-ಸಭೆಗಳಲ್ಲಿ ಚಿತ್ರ ತೋರಿಸಿ, ಕೆಚ್ವಾ ಜನರ ಪಾಡು ಹೇಳಿ ದಾನ ಕೂಡಿಸಿದರು. 2005ರಲ್ಲಿ ಅಡಿಗಲ್ಲು, 2007ರ ಆಗಸ್ಟ್ 31ರಂದು ಉದ್ಘಾಟನೆ. 2010ರಲ್ಲಿ ಹಲ್ಲು ಮತ್ತು ಕಣ್ಣಿನ ವಿಭಾಗ, 2014ರಲ್ಲಿ ಶಾಲೆ. ಹೊರದೇಶದಿಂದ ಬಂದು ವರ್ಷಗಟ್ಟಲೆ ದುಡಿಯುವ ವೈದ್ಯರಿಗೂ ನರ್ಸ್‌ಗಳಿಗೂ ಆಸ್ಪತ್ರೆ ಸಂಬಳ ಕೊಡುವುದಿಲ್ಲ. ತಮ್ಮ ತಮ್ಮ ದೇಶದ ಸಭೆಗಳೂ ಸ್ನೇಹಿತರೂ ಕಳಿಸುವ ಹಣದಲ್ಲಿ ಅವರ ಸಂಸಾರ ನಡೆಯುತ್ತದೆ.

ತಪಾಸಣೆ ಶುರುವಾಗುವ ಮುಂಚೆ ಚಾಪೆಲಿನಲ್ಲಿ ಪ್ರಾರ್ಥನೆ. ರೋಗಿಗಳೆಲ್ಲ ಬೆಂಚುಗಳ ಮೇಲೆ ಕುಳಿತರು. ಕೆಚ್ವಾ ಹಾಡು ಎತ್ತಿದೊಡನೆ ಮುದುಕಿಯರ ದನಿ ಮೊದಲು ಏರಿತು, ತೆಳುವಾಗಿ, ತುಂಬ ಮೇಲಿನ ಶ್ರುತಿಯಲ್ಲಿ. ಕೊನೆಯಲ್ಲಿ ಎಲ್ಲರೂ ಕರ್ತನ ಪ್ರಾರ್ಥನೆ ಹೇಳಿದರು. "ಯಾಯಾಯ್ಕು" ಎಂದು ಅದು ಆರಂಭವಾಗುತ್ತದೆ. ಪಕ್ಕದಲ್ಲಿದ್ದ ಗೆಳತಿ ಆಮೇಲೆ ಇದನ್ನು ಬಿಡಿಸಿ ಹೇಳಿದರು. ಕೆಚ್ವಾದಲ್ಲಿ 'ನಾವು' ಎರಡು ಬಗೆ, ತೆಲುಗಿನ ಮನಮು, ಮೇಮು ಇದ್ದಂತೆ. ಕೇಳುವವನನ್ನೂ ಸೇರಿಸಿಕೊಂಡ ನಾವು ಒಂದು, ಅವನನ್ನು ಹೊರಗಿಟ್ಟ ನಾವು ಇನ್ನೊಂದು. 'ನ್ಚಿಸ್' ಎಂಬ ಬಾಲ ಹಚ್ಚಿದರೆ ನೀನೂ ಸೇರಿದ ನಾವು. 'ಯ್ಕು' ಹಚ್ಚಿದರೆ ನೀನು ಸೇರದ ನಾವು. ದೇವರೊಡನೆ ಮಾತಾಡುತ್ತಿರುವುದರಿಂದ, ತಂದೆ ನಮ್ಮವನೇ ಹೊರತು ತನಗೆ ತಾನೇ ತಂದೆಯಲ್ಲವಾದ್ದರಿಂದ, ಇಲ್ಲಿ 'ಯ್ಕು'. 1584ರಲ್ಲಿ ಲಿಮಾದಲ್ಲಿ ಅಚ್ಚಾದ ಧರ್ಮಬೋಧೆಯ ಪುಸ್ತಕದಲ್ಲಿಯೂ ಹೀಗೆಯೇ ಇದೆಯಂತೆ. ದಕ್ಷಿಣ ಅಮೆರಿಕದಲ್ಲಿ ಮುದ್ರಣವಾದ ಮೊದಲ ಪುಸ್ತಕ ಅದು. 'ಇದೆಯಂತೆ' ಎಂದೆನಲ್ಲ, ಆ 'ಅಂತೆ'ಗೂ ಅವರಲ್ಲಿ ಒಂದು ಬಾಲವಿದೆ: 'ಸಿ'. ಕಣ್ಣಾರೆ ಕಂಡದ್ದಕ್ಕೆ ಬೇರೆ ಬಾಲ, ಕಿವಿಯಾರೆ ಕೇಳಿದ್ದಕ್ಕೆ ಬೇರೆ ಬಾಲ. ನರ್ಸ್ ಆದವಳಿಗೆ ಇದು ಎಷ್ಟು ಮುಖ್ಯ! "ಮಗುವಿಗೆ ರಾತ್ರಿ ಫಿಟ್ಸ್ ಬಂತು" ಎನ್ನುವುದಕ್ಕೂ "ಬಂತಂತೆ" ಎನ್ನುವುದಕ್ಕೂ ಇರುವ ಅಂತರದ ಮೇಲೆ ಚಿಕಿತ್ಸೆಯೇ ನಿಂತಿರುತ್ತದೆ.

ಹೊರರೋಗಿ ವಿಭಾಗದಲ್ಲಿ ನನಗೆ ಗೋಡೆ ಬದಿಯ ಒಂದು ಕುರ್ಚಿ. ಪೆರುವಿನ ಪರವಾನಗಿ ನನಗಿಲ್ಲವಾದ್ದರಿಂದ ಸೂಜಿ ಮುಟ್ಟುವಂತಿಲ್ಲ. ನೋಡಬಹುದು, ಮಗುವನ್ನು ಎತ್ತಿಕೊಳ್ಳಬಹುದು.

ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು ಮೊಮ್ಮಗಳೊಂದಿಗೆ ಬಂದು ಕುಳಿತಳು. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ವೈದ್ಯರು ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದರು. "ಸಿ" ಎಂದಳು. ಇನ್ನೊಂದು ಕೇಳಿದರು. ಅದಕ್ಕೂ "ಸಿ". ಮೂರನೆಯದಕ್ಕೂ "ಸಿ", ಸ್ಪ್ಯಾನಿಷ್‌ನ ಹೌದು. ನನಗೆ ಆ ಹೌದು ಬಹಳ ಪರಿಚಿತ. ದೊಡ್ಡವರ ಮುಂದೆ, ಅರ್ಥವಾಗದ ಭಾಷೆಯ ಮುಂದೆ, ಬೇಗ ಮುಗಿಯಲಿ ಎಂದು ಬಡವರು ಹೇಳುವ ಹೌದು ಅದು. ವೈದ್ಯರಿಗೂ ಅದು ಗೊತ್ತಿತ್ತು. ಪೆನ್ನು ಕೆಳಗಿಟ್ಟು ದುಭಾಷಿಯ ಕಡೆ ನೋಡಿದರು. ದುಭಾಷಿ ಅದೇ ಊರಿನ ಹುಡುಗಿ. ಅವಳು ಕುರ್ಚಿ ಎಳೆದುಕೊಂಡು ಮುದುಕಿಯ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು, ಕೈಯನ್ನು ಹಿಡಿದುಕೊಂಡು ಕೇಳಿದಳು.

"ಮಮಾಯ್, ಮೈಪಿನ್ ನಾನಸುಂಕಿ?"

ಅಮ್ಮ, ಎಲ್ಲಿ ನೋಯುತ್ತದೆ ನಿನಗೆ?

ಮುದುಕಿ ಟೋಪಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಸುಮಾರು ಹತ್ತು ನಿಮಿಷ ಮಾತಾಡಿದಳು. ಹೊಟ್ಟೆಯ ಬಲಬದಿಗೆ ಕೈ ಹೋಯಿತು, ಬೆನ್ನಿಗೆ ಹೋಯಿತು, ಕಿಟಕಿಯಾಚೆಯ ಬೆಟ್ಟದ ಕಡೆಗೂ ಹೋಯಿತು. ಕುರಿ ಮಾರಿದ್ದು, ಮಗ ಲಿಮಾಕ್ಕೆ ಹೋದದ್ದು, ಎರಡು ಬಸ್ಸು ಬದಲಿಸಿ ಬಂದದ್ದು ಎಲ್ಲ ಅದರಲ್ಲಿತ್ತು ಎಂದು ಹುಡುಗಿ ಹೇಳಿದಳು. ವೈದ್ಯರು ಕೇಳಿಸಿಕೊಂಡರು. ಪಿತ್ತಕೋಶದ ಕಲ್ಲು ಇರಬಹುದೆಂದು ಸ್ಕ್ಯಾನಿಂಗ್‌ಗೆ ಬರೆದರು. ಮೂರು "ಸಿ"ಗಳ ಮೇಲೆ ನಿಂತಿದ್ದರೆ ಅಸಿಡಿಟಿ ಮಾತ್ರೆಯೊಂದಿಗೆ ಅವಳು ಮನೆಗೆ ಹೋಗುತ್ತಿದ್ದಳು.

ಮೈಪಿ ಎಂದರೆ ಎಲ್ಲಿ. ಕನ್ನಡದ ಮೈ ನೆನಪಿಟ್ಟುಕೊಂಡು ನಾನು ಆ ವಾಕ್ಯವನ್ನು ಅಂದೇ ಕಲಿತೆ.

ಊಟದ ವೇಳೆಯಲ್ಲಿ ಗೆಳತಿ ಇನ್ನೊಂದು ಸಂಗತಿ ಹೇಳಿದರು. ಹಳ್ಳಿಯ ಹೆಂಗಸರು ಆಸ್ಪತ್ರೆಯೆಂದರೆ ಹೆದರುವುದಕ್ಕೆ ಕಾರಣವಿದೆ. 1990ರ ದಶಕದ ಉತ್ತರಾರ್ಧದಲ್ಲಿ, ಫುಜಿಮೊರಿ ಅಧ್ಯಕ್ಷರಾಗಿದ್ದಾಗ, ಸರ್ಕಾರದ ಕುಟುಂಬ ಯೋಜನೆಯ ಹೆಸರಿನಲ್ಲಿ 2,70,000ಕ್ಕೂ ಹೆಚ್ಚು ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅವರಲ್ಲಿ ಸಾವಿರಾರು ಮಂದಿ ಕೆಚ್ವಾ ಹೆಂಗಸರು ತಮ್ಮನ್ನು ಒಪ್ಪಿಗೆಯಿಲ್ಲದೆ, ಏನೆಂದು ತಿಳಿಸದೆ ಮೇಜಿಗೇರಿಸಿದರೆಂದು ಮುಂದೆ ದೂರು ಕೊಟ್ಟರು. ಓದಲು ಬಾರದ ಸ್ಪ್ಯಾನಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲಾದೀತೇ? ತುರ್ತು ಪರಿಸ್ಥಿತಿಯ ಕಾಲದಲ್ಲಿ ನಮ್ಮ ಹಳ್ಳಿಗಳ ಗಂಡಸರು ಜೀಪಿನ ಸದ್ದು ಕೇಳಿ ಹೊಲಕ್ಕೆ ಓಡುತ್ತಿದ್ದರೆಂದು ನನ್ನ ತಂದೆ ಹೇಳುತ್ತಿದ್ದರು. ಬೆಳಗಿನ ಆ ಹುಡುಗಿ ಮುದುಕಿಯ ಕೈ ಹಿಡಿದು ಕುಳಿತದ್ದು ಬರೀ ಸೌಜನ್ಯವಲ್ಲ ಎಂದು ನನಗೆ ಆಗ ಅರಿವಾಯಿತು.

ನಾಲ್ಕನೆಯ ದಿನ, ಶುಕ್ರವಾರ

ಇಡೀ ದಿನ ಮಕ್ಕಳ ಜೊತೆ. ಎಂಟು ವರ್ಷದ ಹುಡುಗನೊಬ್ಬ, ಶ್ವಾಸಕೋಶದಲ್ಲಿ ನೀರುಗುಳ್ಳೆ. ಹೈಡ್ಯಾಟಿಡ್ ಗುಳ್ಳೆ ಎನ್ನುತ್ತಾರೆ. ಕುರಿ ಸಾಕುವ ಈ ಬೆಟ್ಟಗಳಲ್ಲಿ ಹಳೆಯ ಪಿಡುಗು. ಕುರಿ ಕೊಯ್ದಾಗ ಅದರ ಶ್ವಾಸಕೋಶ, ಯಕೃತ್ತನ್ನು ಹಸಿಯಾಗಿಯೇ ನಾಯಿಗೆ ಎಸೆಯುತ್ತಾರೆ. ಅದರಲ್ಲಿರುವ ಹುಳದ ಮರಿ ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ನಾಯಿಯ ಮಲದಲ್ಲಿ ಮೊಟ್ಟೆ ಹೊರಬೀಳುತ್ತದೆ. ನಾಯಿಯೊಡನೆ ಆಡಿದ ಮಗು ಕೈ ತೊಳೆಯದೆ ಬಾಯಿಗಿಟ್ಟರೆ ಮುಗಿಯಿತು. ಗುಳ್ಳೆ ಸದ್ದಿಲ್ಲದೆ ವರ್ಷಗಟ್ಟಲೆ ದೊಡ್ಡದಾಗುತ್ತದೆ. ಕೆಮ್ಮು ಬಂದು ಎಕ್ಸ್‌ರೇ ತೆಗೆಸುವ ಹೊತ್ತಿಗೆ ಕಿತ್ತಳೆ ಹಣ್ಣಿನಷ್ಟಾಗಿರುತ್ತದೆ. ಒಡೆಯದಂತೆ ತೆಗೆಯಬೇಕು, ಒಳಗೆ ಒಡೆದರೆ ಪ್ರಾಣಕ್ಕೇ ಸಂಚಕಾರ. ಈ ಹುಡುಗನಿಗೆ ಶಸ್ತ್ರಚಿಕಿತ್ಸೆಯಾಗಿ ಐದು ದಿನವಾಗಿತ್ತು. ಎದೆಯಲ್ಲಿ ಇನ್ನೂ ಟ್ಯೂಬು.

ಅವನು ಬೇರೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಬಲೂನು ಊದಿಸಿ ಉಸಿರಾಟದ ವ್ಯಾಯಾಮ ಮಾಡಿಸಬೇಕು, ಅವನು ಬಾಯಿ ಬಿಗಿ ಹಿಡಿದಿದ್ದ. ನಾನು ಪಕ್ಕದಲ್ಲಿ ಕುಳಿತು "ಮೈಪಿನ್ ನಾನಸುಂಕಿ?" ಎಂದೆ. ನನ್ನ ಉಚ್ಚಾರ ಅವನಿಗೆ ವಿಚಿತ್ರವಾಗಿ ಕೇಳಿರಬೇಕು, ಕಣ್ಣರಳಿಸಿ ನೋಡಿದ. ಟ್ಯೂಬಿನ ಜಾಗ ತೋರಿಸಿದ. ಆಮೇಲೆ ನನ್ನ ಕೈಬಳೆ ಮುಟ್ಟಿದ. ಒಂದು ಬಳೆ ಬಿಚ್ಚಿ ಅವನ ಹೊದಿಕೆಯ ಮೇಲಿಟ್ಟು, ಒಂದು ಸಲ ಊದಿದರೆ ಇನ್ನೊಂದು ಬಳೆ ಎಂದು ಸನ್ನೆ ಮಾಡಿದೆ. ಮಧ್ಯಾಹ್ನದೊಳಗೆ ನನ್ನ ಎಡಗೈ ಬರಿದಾಗಿತ್ತು, ಅವನ ಶ್ವಾಸಕೋಶಕ್ಕೆ ಗಾಳಿ ಹೋಗಿತ್ತು.

ತಾಯಿ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಮಗನ ಕೆಮ್ಮು ಶುರುವಾದಾಗ ಅದು ಮಂಚರಿಸ್ಕ ಎಂದು ಅವಳು ತಿಳಿದಿದ್ದಳು, ಅಂಜಿಕೆ. ಮಗು ಬೆಚ್ಚಿಬಿದ್ದಾಗ ಜೀವಾತ್ಮ ಮೈಬಿಟ್ಟು ಹೋಗುತ್ತದೆ, ಬೆಚ್ಚಿದ ಜಾಗಕ್ಕೆ ಮಗುವಿನ ಅಂಗಿ ಒಯ್ದು ಹೆಸರು ಹಿಡಿದು "ಹಿಂತಿರುಗಿ ಬಾ" ಎಂದು ಕೂಗಿ ಕರೆಯಬೇಕು. ಅವಳು ಹಾಗೆ ಮೂರು ರಾತ್ರಿ ಕರೆದಿದ್ದಳು. ಇದನ್ನು ಕೇಳಿ ಆಸ್ಪತ್ರೆಯಲ್ಲಿ ಯಾರೂ ನಕ್ಕಿಲ್ಲವೆಂದು ದುಭಾಷಿ ಹುಡುಗಿ ಹೇಳಿದಾಗ ನನಗೆ ಸಮಾಧಾನವಾಯಿತು. ನಮ್ಮಲ್ಲಿಯೂ ಮಗು ಅಂಜಿಕೊಂಡಿದೆ ಎಂದು ದೃಷ್ಟಿ ತೆಗೆದು, ತಾಯತ ಕಟ್ಟಿ, ಆಮೇಲೆ ವಾರ್ಡಿಗೆ ತರುತ್ತಿದ್ದ ತಾಯಂದಿರೆಷ್ಟು! ಅವರನ್ನು ಗದರಿದ ದಿನಗಳೂ ನನ್ನ ಜೀವನದಲ್ಲಿವೆ. ಗದರಿದ ತಾಯಿ ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾಳೆ, ಇದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು.

ಐದನೆಯ ದಿನ, ಶನಿವಾರ

ಸ್ಥಳೀಯ ಸಭೆಯವರೊಂದಿಗೆ ಬೆಟ್ಟದ ಮೇಲಿನ ಹಳ್ಳಿಗೆ. ಪಿಕಪ್ ವಾಹನದಲ್ಲಿ ಒಂದೂವರೆ ತಾಸು ಮಣ್ಣುರಸ್ತೆ, ಆಮೇಲೆ ನಡಿಗೆ. ಮತ್ತೆ ಉಸಿರು ಸಾಲದಾಯಿತು. ನನ್ನ ಚೀಲವನ್ನು ಹತ್ತು ವರ್ಷದ ಹುಡುಗಿಯೊಬ್ಬಳು ಕಿತ್ತುಕೊಂಡಂತೆ ತೆಗೆದುಕೊಂಡು ಮುಂದೆ ಓಡಿದಳು.

ಹಸಿ ಇಟ್ಟಿಗೆಯ ಮನೆಗಳು. ಒಂದು ಅಡುಗೆಮನೆಯೊಳಗೆ ಹೋದೆ. ಕಿಟಕಿಯಿಲ್ಲ. ಮಣ್ಣಿನ ಒಲೆ, ಕಪ್ಪುಗಟ್ಟಿದ ಮಾಡು, ಕಾಲಸಂದಿಯಲ್ಲಿ ಕೀಚುಗುಟ್ಟುತ್ತ ಓಡಾಡುವ ಗಿನಿಯಿಲಿಗಳು. ಹಬ್ಬದ ದಿನ ಅವೇ ಊಟ. ಹೊಗೆಗೆ ಕಣ್ಣಲ್ಲಿ ನೀರಿಳಿಯಿತು. ಮನೆಯೊಡತಿಯ ಬೆನ್ನ ಮೇಲಿನ ಕೂಸು ಆ ಹೊಗೆಯಲ್ಲೇ ನಿದ್ದೆ ಮಾಡುತ್ತಿತ್ತು, ಕೆಮ್ಮುತ್ತಿತ್ತು. ಅವಳು ನನ್ನ ಕೈಗೆ ಬಟ್ಟೆಯಲ್ಲಿ ಸುತ್ತಿದ ಬೇಯಿಸಿದ ಆಲೂಗಡ್ಡೆ ಇಟ್ಟಳು. ಒಂದು ನೇರಳೆ, ಒಂದು ಹಳದಿ, ಇನ್ನೊಂದು ಗಂಟುಗಂಟಾಗಿ ಪೈನ್ ಕಾಯಿಯ ಹಾಗಿತ್ತು. ಜೊತೆಗೆ ಚುನ್ಯೊ: ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಬಿಸಿಲಿಗೆ ಹಾಕಿ, ಕಾಲಿನಿಂದ ತುಳಿದು ನೀರು ತೆಗೆದು ಒಣಗಿಸಿದ ಆಲೂಗಡ್ಡೆ. ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಸಂಡಿಗೆ-ಬಾಳಕದ ಜಾಣತನ ಇದರಲ್ಲಿದೆ.

ಶಾಲೆಯ ಅಂಗಳದಲ್ಲಿ ನಲವತ್ತು ಮಕ್ಕಳು ಸೇರಿದ್ದರು. ಕೆನ್ನೆಗಳು ಗಾಳಿ-ಬಿಸಿಲಿಗೆ ಒಡೆದು ಕೆಂಪಗಿದ್ದವು. ಮೊದಲು ಹಾಡು, ಆಮೇಲೆ ಒಳ್ಳೆಯ ಸಮಾರ್ಯದವನ ಕಥೆ. ಕಥೆಯಲ್ಲಿನ ಕತ್ತೆಯ ಜಾಗಕ್ಕೆ ಲಾಮಾ ಎಂಬ ಅಲ್ಲಿನ ಹೊರೆ ಹೊರುವ ಪ್ರಾಣಿ ಬಂದಿತ್ತು. ಆಮೇಲೆ ನಾಟಕ. ಒಬ್ಬ ಹುಡುಗ ಕುರಿ, ಒಬ್ಬ ನಾಯಿ, ಒಬ್ಬಳು ಅಜ್ಜಿ. ಅಜ್ಜಿ ಕುರಿಯ ಶ್ವಾಸಕೋಶವನ್ನು ನಾಯಿಗೆ ಎಸೆಯಲು ಹೋದಾಗ ನಲವತ್ತು ಗಂಟಲು ಒಟ್ಟಿಗೆ "ಅಮಾ! ಅಮಾ!" ಎಂದು ಕೂಗಿದವು. ಬೇಡ, ಬೇಡ! ಅಜ್ಜಿ ಅದನ್ನು ಗುಂಡಿ ತೋಡಿ ಹೂತಳು. ಆಸ್ಪತ್ರೆಯ ಮಂಚದ ಮೇಲಿನ ಆ ಹುಡುಗನ ಹಳ್ಳಿ ಇಲ್ಲಿಂದ ಎರಡು ಬೆಟ್ಟದಾಚೆಗೆ. ಆ ಕೂಗು ಅಲ್ಲಿಗೂ ಕೇಳಿಸಿದ್ದರೆ ಎಂದು ನನ್ನ ಎದೆ ಚುರುಕ್ ಎಂದಿತು.

ಕೈ ತೊಳೆಯುವ ಸಾಲು, ಹುಳದ ಮಾತ್ರೆ, ತೂಕ, ಎತ್ತರ. ನನಗೆ ತೂಕದ ಕೆಲಸ ಕೊಟ್ಟರು. ಮೂವತ್ತೊಂದು ವರ್ಷ ಮಾಡಿದ್ದೇ ಅದು. ಬೆರಳು ಚುಚ್ಚಿ ರಕ್ತ ನೋಡುವ ಕೆಲಸವನ್ನು ಅಲ್ಲಿನ ನರ್ಸ್ ಮಾಡಿದಳು. ಪೆರುವಿನಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಲ್ಲಿ ಸುಮಾರು ನಾಲ್ವರಿಗೆ ರಕ್ತಹೀನತೆ. ಬೆಟ್ಟಗಳ ಮೇಲೆ ಇನ್ನೂ ಹೆಚ್ಚು. ಎತ್ತರದಲ್ಲಿ ಗಾಳಿ ತೆಳು, ಆದ್ದರಿಂದ ದೇಹ ಹೆಚ್ಚು ರಕ್ತಕಣ ಮಾಡಿಕೊಳ್ಳುತ್ತದೆ. ಗದಗಿನಲ್ಲಿ ಸಾಕು ಎನ್ನುವ ಹಿಮೋಗ್ಲೋಬಿನ್ ಅಂಕಿ ಇಲ್ಲಿ ಸಾಲದು, ಎತ್ತರಕ್ಕೆ ತಕ್ಕಂತೆ ಕಳೆದು ಲೆಕ್ಕ ಹಾಕಬೇಕು. ನನ್ನ ಕಣ್ಣಿಗೆ ಕೆಂಪುಕೆನ್ನೆಯ ಆರೋಗ್ಯವಂತ ಮಗುವಾಗಿ ಕಂಡ ಎರಡು ವರ್ಷದ ಕೂಸಿನ ಅಂಕಿ ನೋಡಿ ಆ ನರ್ಸ್ ತುಟಿ ಕಚ್ಚಿಕೊಂಡಳು. ಒಡೆದ ಕೆನ್ನೆಯ ಕೆಂಪು ರಕ್ತದ ಕೆಂಪಲ್ಲ. ತಾಯಿಗೆ ಕಬ್ಬಿಣದ ಹನಿ ಕೊಟ್ಟು, ಕೋಳಿಯ ರಕ್ತವನ್ನು ಹುರಿದು ಆಲೂಗಡ್ಡೆಯೊಂದಿಗೆ ಕಲಸಿ ತಿನ್ನಿಸುವ ಬಗೆಯನ್ನು ಕೆಚ್ವಾದಲ್ಲಿ, ಕೈಬಾಯಿ ಆಡಿಸಿ ವಿವರಿಸಿದಳು. ತಾಯಿ ಎರಡು ಸಲ ತಿರುಗಿ ಕೇಳಿದಳು. ತಿರುಗಿ ಕೇಳುವ ತಾಯಿಯನ್ನು ಕಂಡರೆ ನನಗೆ ಜೀವ ಬಂದಂತಾಗುತ್ತದೆ. ಆ ಮಗುವಿಗೆ ಔಷಧಿ ಹೋಗುತ್ತದೆ ಎಂದು ಗ್ಯಾರಂಟಿ.

ಇಳಿಯುವಾಗ ಕತ್ತಲಾಯಿತು. ಆಕಾಶದಲ್ಲಿ ನಾನೆಂದೂ ಕಂಡಿರದಷ್ಟು ನಕ್ಷತ್ರ.

ಆರನೆಯ ದಿನ, ಭಾನುವಾರ

ಊರಿನ ಚಿಕ್ಕ ಸಭೆಯಲ್ಲಿ ಆರಾಧನೆ. ಹಿರಿಯರೊಬ್ಬರು ಕೆಚ್ವಾ ಬೈಬಲನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಇಡೀ ಬೈಬಲು ಈ ಜನರ ಮಾತಿನಲ್ಲಿ ಬಂದದ್ದು 1980ರ ದಶಕದಲ್ಲಿ. ಆ ದಶಕದಲ್ಲೇ ಬೆಟ್ಟಗಳಲ್ಲಿ ರಕ್ತ ಹರಿಯುತ್ತಿತ್ತು: ಒಂದು ಕಡೆ ಶೈನಿಂಗ್ ಪಾತ್ ಉಗ್ರರು, ಇನ್ನೊಂದು ಕಡೆ ಸೈನ್ಯ. 2003ರಲ್ಲಿ ಸತ್ಯಶೋಧನಾ ಆಯೋಗ ಕೊಟ್ಟ ಅಂದಾಜಿನ ಪ್ರಕಾರ 1980ರಿಂದ 2000ದವರೆಗೆ ಸತ್ತವರು, ಕಾಣೆಯಾದವರು ಸುಮಾರು 69,000. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೆಚ್ವಾ ಅಥವಾ ಇತರ ಮೂಲನಿವಾಸಿ ಭಾಷೆಯನ್ನಾಡುವವರು.

ಹಿರಿಯರು ರೊಮುಲೊ ಸೌನ್ಯೆ ಅವರ ಹೆಸರನ್ನು ಪ್ರಾರ್ಥನೆಯಲ್ಲಿ ಎತ್ತಿದರು. ನೆರೆಯ ಅಯಾಕುಚೊ ಪ್ರಾಂತ್ಯದ ಕೆಚ್ವಾ ಪಾದ್ರಿ, ಆ ಕಡೆಯ ಕೆಚ್ವಾದಲ್ಲಿ ಬೈಬಲ್ ಅನುವಾದಕ್ಕೆ ದುಡಿದವರು. ಉಗ್ರರು ಅವರ ಅಜ್ಜನನ್ನು ಕೊಂದರು. 1992ರ ಸೆಪ್ಟೆಂಬರ್‌ನಲ್ಲಿ, ಅಜ್ಜನ ಊರಿಗೆ ಹೋಗಿ ಮರಳುವಾಗ, ರಸ್ತೆಯಲ್ಲಿ ರೊಮುಲೊ ಅವರನ್ನೂ ಕೊಂದರು. ಹೊರಗಿನವರು ಬಂದು ಆಸ್ಪತ್ರೆ ಕಟ್ಟಿದ ಕಥೆಯನ್ನು ಹೇಳುವಾಗ ಈ ಒಳಗಿನವರ ಕಥೆ ಹಿಂದೆ ಬೀಳಬಾರದು. ಹೊರಗಿನವರು ಗಂಟುಮೂಟೆ ಕಟ್ಟಿ ಹೋದ ವರ್ಷಗಳಲ್ಲಿಯೂ ಹಾಡನ್ನು ಆರದಂತೆ ಕಾಯ್ದವರು ಇವರು.

ಮಧ್ಯಾಹ್ನ ಶಾಲೆಯ ಕಡೆಗೆ ಅಡ್ಡಾಡಿ ಬಂದೆವು. ಬೀಗ ಹಾಕಿತ್ತು. ಬೇಲಿಯ ಹೊರಗೆ ಇಬ್ಬರು ಹುಡುಗಿಯರು ಮಣ್ಣಿನಲ್ಲಿ ಕಡ್ಡಿಯಿಂದ ತಮ್ಮ ಹೆಸರು ಬರೆಯುತ್ತಿದ್ದರು. ನಾನು ಕೂಡ ಕಡ್ಡಿ ತೆಗೆದುಕೊಂಡು ಅವರ ಹೆಸರುಗಳನ್ನು ಕನ್ನಡದಲ್ಲಿ ಬರೆದೆ. ಗುಂಡಗಿನ ಅಕ್ಷರಗಳನ್ನು ಅವರು ಬಹಳ ಹೊತ್ತು ನೋಡಿದರು. ಚಿಕ್ಕವಳು ತನ್ನ ಹೆಸರಿನ ಮೇಲೆ ಬೆರಳಾಡಿಸಿ ತಿದ್ದಿದಳು.

2017ರ ಜನಗಣತಿಯಲ್ಲಿ ಪೆರುವಿನ ಸುಮಾರು 38 ಲಕ್ಷ ಜನ ಕೆಚ್ವಾ ತಮ್ಮ ತಾಯ್ನುಡಿಯೆಂದು ಬರೆಸಿದ್ದಾರೆ. 1975ರಲ್ಲಿಯೇ ಅದಕ್ಕೆ ಆಡಳಿತ ಭಾಷೆಯ ಸ್ಥಾನ ಸಿಕ್ಕಿತು. ಆದರೂ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ತಾಯಂದಿರು ಮಕ್ಕಳನ್ನು ಕೆಚ್ವಾದಲ್ಲಿ ಗದರಲೂ ಹಿಂಜರಿಯುವುದನ್ನು ಕಂಡೆ. ಸ್ಪ್ಯಾನಿಷ್ ಬಂದರೆ ಮಕ್ಕಳಿಗೆ ಅನ್ನ, ಕೆಚ್ವಾ ಬಂದರೆ ಅವಮಾನ ಎಂಬ ಲೆಕ್ಕ. ಈ ಲೆಕ್ಕ ನಮಗೆ ಹೊಸದಲ್ಲ, ಅದಕ್ಕೇ ನೋವು ಹೆಚ್ಚಾಯಿತು.

ಏಳನೆಯ ದಿನ, ಸೋಮವಾರ

ಬಸ್ಸು ಹತ್ತು ಗಂಟೆಗೆ. ಅದಕ್ಕೆ ಮೊದಲು ವಾರ್ಡಿಗೆ ಓಡಿದೆ. ಹುಡುಗನ ಎದೆಯ ಟ್ಯೂಬು ತೆಗೆದಿದ್ದರು. ಮಂಚದ ಮೇಲೆ ಕುಳಿತು ಬಲೂನು ಊದುತ್ತಿದ್ದ, ಮಣಿಕಟ್ಟಿನಲ್ಲಿ ನನ್ನ ಆರು ಹಸಿರು ಗಾಜಿನ ಬಳೆ. ಒಂದನ್ನು ತೆಗೆದು ನನಗೆ ಹಿಂತಿರುಗಿಸಲು ನೋಡಿದ. ನಾನು ತಲೆಯಾಡಿಸಿ ಅವನ ಕೈಗೇ ಹಾಕಿದೆ.

ತಾಯಿ ಲ್ಯಿಕ್ಲ್ಯಾದ ಗಂಟು ಬಿಚ್ಚಿದಳು. ಒಳಗಿನಿಂದ ಸಣ್ಣ ಬಟ್ಟೆಯ ಪೊಟ್ಟಣ ತೆಗೆದು ನನ್ನ ಅಂಗೈಗೆ ಒತ್ತಿದಳು. ಸೋಂಪು. ನನಗೆ ಬರುತ್ತಿದ್ದ ನಾಲ್ಕು ಕೆಚ್ವಾ ಪದಗಳಲ್ಲಿ ಕೃತಜ್ಞತೆಯ ಪದವನ್ನು ಹುಡುಕುತ್ತಿರುವಾಗ ಅವಳೇ ನನ್ನ ಎರಡೂ ಕೈ ಹಿಡಿದು ಹೇಳಿದಳು:

"ತುಪನಂಚಿಸ್‌ಕಮ, ಮಮಾಯ್."

ಬಾಗಿಲ ಬಳಿ ದುಭಾಷಿ ಹುಡುಗಿ ನಿಂತಿದ್ದಳು. ಅರ್ಥವನ್ನು ಹೇಳಲು ಬಾಯಿ ತೆರೆದಳು. ನಾವು ಮತ್ತೆ ಭೇಟಿಯಾಗುವವರೆಗೆ, ಅಮ್ಮ. ಅವಳು ಹೇಳುವ ಮೊದಲೇ ಆ ಪದದ ನಡುವಿನ 'ನ್ಚಿಸ್' ನನ್ನ ಕಿವಿಗೆ ಬಿದ್ದಿತ್ತು.